ಒಂದೂವರೆ ನಿಮಿಷ ತಡವಾದರೆ ಯಾರ ಗಂಟು ಹೋಗುತ್ತದೆ?

ಶನಿವಾರ ಬಂತೆಂದರೆ, ಸಮುದ್ರ ನೋಡಲು ಬರುವ ಕಾರುಗಳ ವೇಗಕ್ಕೆ ಹೆದರಿ, ನಮ್ಮೂರಿನಲ್ಲಿ ಮಕ್ಕಳನ್ನು ಗೇಟಿನಿಂದ ಆಚೆ ಬಿಡುವ ಹಾಗಿಲ್ಲ. ದೊಡ್ಡ ಪೇಟೆಯ ಮಾತಲ್ಲ ಇದು. ಕುಂದಾಪುರ ತಾಲೂಕಿನ, ಕಡಲಿಗೆ ತಾಗಿಕೊಂಡಿರುವ ಸಣ್ಣ ಊರೊಂದರ ಮಾತು. ರಾಷ್ಟ್ರೀಯ ಹೆದ್ದಾರಿ 66ರಿಂದ ಪಡುಗಡೆಗೆ ತಿರುಗಿದರೆ ಸಮುದ್ರಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ಆ ಒಂದೂವರೆ ಕಿಲೋಮೀಟರೇ ನಮ್ಮ ಊರು. ಎರಡೂ ಬದಿಗೆ ಮನೆ, ನಡುವೆ ಅಂಗನವಾಡಿ, ಭಜನಾ ಮಂದಿರ, ಎರಡು ಗೂಡಂಗಡಿ, ಕೊನೆಯಲ್ಲಿ ದೋಣಿ ಎಳೆದು ನಿಲ್ಲಿಸುವ ಮರಳು. ಮೆಟ್ಟಿಲು ಇಳಿದರೆ ರಸ್ತೆ. ಫುಟ್‌ಪಾತ್ ಇಲ್ಲ. ಹಾಲಿನ ಡೈರಿಗೆ ಹೋಗುವವರು, ಬಲೆ ಹೊತ್ತವರು, ದನ, ಕೋಳಿ, ಸೈಕಲ್ ಕಲಿಯುವ ಮಕ್ಕಳು, ಎಲ್ಲರೂ ಅದೇ ಡಾಂಬರಿನ ಮೇಲೆ ನಡೆಯಬೇಕು. ಬೇರೆ ಜಾಗವೇ ಇಲ್ಲ.

ಮೊದಲು ಇದು ಗುಂಡಿ ಬಿದ್ದ, ಸಪೂರದ ರಸ್ತೆಯಾಗಿತ್ತು. ಒಳ್ಳೆಯ ರಸ್ತೆ ಮಾಡಿಕೊಡಿ ಎಂದು ಊರಿನವರೇ ಕೇಳಿದ್ದು. ಕೇಳಿದ್ದರಲ್ಲಿ ತಪ್ಪೇನಿದೆ? ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆಟೋ ಎತ್ತಿ ಹಾಕುತ್ತಿದ್ದ ರಸ್ತೆ ಅದು. ಸರಿ, ಅಗಲ ಮಾಡಿದರು, ಡಾಂಬರು ಹಾಕಿದರು. ಹಾಕುವಾಗ ಅಂಗನವಾಡಿ ಎದುರಿಗೂ ಭಜನಾ ಮಂದಿರದ ತಿರುವಿನಲ್ಲೂ ಇದ್ದ ಹಳೆಯ ಹಂಪ್ ಎರಡನ್ನೂ ಕೆರೆದು ತೆಗೆದರು. ಕೆಲಸ ಮುಗಿದ ಮೇಲೆ ವಾಪಸ್ ಹಾಕುತ್ತೇವೆ ಎಂದರು. ಕೆಲಸ ಮುಗಿಯಿತು, ಬಿಲ್ ಆಯಿತು, ರೋಲರ್ ಹೋಯಿತು. ಹಂಪ್ ಮಾತ್ರ ಬರಲಿಲ್ಲ.

ಈಗ ನೋಡಬೇಕು ನೀವು. ನೇರ, ನುಣುಪು ರಸ್ತೆ, ಎದುರಿಗೆ ಸಮುದ್ರ ಕಾಣುತ್ತದೆ. ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಬಂದ ಕಾರು ತಿರುಗಿದ ಮೇಲೂ ಅದೇ ಗುಂಗಿನಲ್ಲಿರುತ್ತದೆ. ಊರು ಶುರುವಾಯಿತು ಎಂದು ಡ್ರೈವರಿಗೆ ಹೇಳುವ ಒಂದೇ ಒಂದು ಗುರುತು ಇಲ್ಲ. 'ನಿಧಾನವಾಗಿ ಚಲಿಸಿ' ಎಂಬ ಬೋರ್ಡ್ ಒಂದಿತ್ತು. ಕಡಲ ಕರೆಯ ಉಪ್ಪುಗಾಳಿಗೆ ಕಬ್ಬಿಣದ ಕಂಬ ಎಷ್ಟು ದಿನ ತಡೆದೀತು? ತುಕ್ಕು ಹಿಡಿದು ಬುಡದಲ್ಲೇ ಮುರಿಯಿತು. ಈಗ ಅದು ಯಾರದೋ ಕೊಟ್ಟಿಗೆಯ ಮಾಡಿಗೆ ಅಡ್ಡ ಕೂತಿದೆ.

ಸಿಟ್ಟು ಬರುವುದು ವೇಗಕ್ಕೆ ಮಾತ್ರ ಅಲ್ಲ, ಅದರ ಬಗ್ಗೆ ಹೇಳಿದಾಗ ಬರುವ ಉತ್ತರಕ್ಕೆ. ನಮ್ಮ ಪಕ್ಕದ ಮನೆಯ ಅಕ್ಕ ಮೀನು ಮಾರುತ್ತಾರೆ. ಬೆಳಗ್ಗೆ ಬುಟ್ಟಿ ಹೊತ್ತು ಬಸ್ಸಿಗೆ ಹೋಗುವಾಗ ಕಾರೊಂದು ಬದಿಯಿಂದ ತಾಗಿಸಿಕೊಂಡು ಹೋಯಿತು. ಕೈ ಮುರಿಯಿತು. ಬಂಗುಡೆ ಎಲ್ಲ ರಸ್ತೆ ಪಾಲು. ತಿಂಗಳುಗಟ್ಟಲೆ ದುಡಿಮೆ ಇಲ್ಲ. ಅದನ್ನು ಕಚೇರಿಗೆ ಹೋಗಿ ಹೇಳಿದರೆ ಅಲ್ಲಿ ಕೂತವರು ಕೇಳಿದ್ದು ಏನು ಗೊತ್ತಾ? "ಅವರು ಬದಿಯಲ್ಲಿ ನೋಡಿಕೊಂಡು ನಡೀಬೇಕಿತ್ತಲ್ವಾ?" ಬದಿ ಅಂದರೆ ಎಲ್ಲಿ ಸ್ವಾಮಿ? ಡಾಂಬರು ಮುಗಿದ ಕೂಡಲೇ ಅರ್ಧ ಅಡಿ ತಗ್ಗು, ಆಮೇಲೆ ಮರಳು, ಆಮೇಲೆ ಮುರಕಲ್ಲಿನ ಕಾಂಪೌಂಡ್. ತಲೆಯ ಮೇಲೆ ಅಷ್ಟು ಭಾರ ಇಟ್ಟುಕೊಂಡು ಆ ತಗ್ಗಿನಲ್ಲಿ ಒಮ್ಮೆ ನೀವು ನಡೆದು ತೋರಿಸಿ.

ಆ ಅಕ್ಕ ಈಗಲೂ ಹೇಳುವುದು ಒಂದೇ, "ರಸ್ತಿ ದಾಂಟುಕೆ ಹೆದ್ರಿಕಿ ಆತ್ತ್ ಮಗಾ." ಕಡಲಿಗೆ ಹೆದರದ ಮನೆಯವರು ಅವರು. ಅವರಿಗೆ ಸ್ವಂತ ಮನೆ ಬಾಗಿಲಿನ ರಸ್ತೆಗೆ ಹೆದರಿಕೆ.

ಹಂಪ್ ಹಾಕಿ ಎಂದು ಕೊಟ್ಟ ಅರ್ಜಿಯ ಕಥೆ ಕೇಳಿ. ಪಂಚಾಯ್ತಿಗೆ ಕೊಟ್ಟರೆ, ರಸ್ತೆ ನಮ್ಮದಲ್ಲ, ಇಲಾಖೆಯದ್ದು ಎನ್ನುತ್ತಾರೆ. ಇಲಾಖೆಗೆ ಕೊಟ್ಟರೆ, ಪೊಲೀಸರ ಅಭಿಪ್ರಾಯ ಬೇಕು ಎನ್ನುತ್ತಾರೆ. ಪೊಲೀಸರು, ಇಲಾಖೆ ಬರೆದು ಕಳಿಸಲಿ, ನಾವು ಬೇಡ ಅನ್ನುವುದಿಲ್ಲ ಎನ್ನುತ್ತಾರೆ. ಕೊನೆಗೆ ಒಬ್ಬರು, ಹಂಪ್ ಹಾಕುವುದೇ ಕಾನೂನು ಪ್ರಕಾರ ತಪ್ಪು, ಕೇಂದ್ರದಿಂದ ಆದೇಶ ಇದೆ ಎಂದರು. ಹೌದು, ಇದೆ. ಹಂಪ್ ತೆಗೆಯಿರಿ ಎಂದು 2016ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಹೇಳಿದ್ದು ರಾಷ್ಟ್ರೀಯ ಹೆದ್ದಾರಿಗಳಿಗೆ. ನಮ್ಮದು ಹೆದ್ದಾರಿಯಾ? ಅಗಲ ಮಾಡಿದ ಮೇಲೂ ಎರಡು ಟೆಂಪೋ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಊರಿನ ರಸ್ತೆ. ಇಂಥ ಸಣ್ಣ ರಸ್ತೆಗಳಲ್ಲಿ ಹಂಪ್ ಹೇಗಿರಬೇಕು ಎಂದು ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಐಆರ್‌ಸಿ 99 ಎಂಬ ಮಾರ್ಗಸೂಚಿ ಬರೆದಿಟ್ಟಿದೆ. 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಮೇಲೆ ದುಂಡಗಿನ ಇಳಿಜಾರು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಸಲೀಸಾಗಿ ದಾಟುತ್ತದೆ. ಮೇಲೆ ಬಣ್ಣದ ಪಟ್ಟಿ ಬಳಿಯಬೇಕು, ಹಂಪ್ ಬರುತ್ತದೆ ಎಂದು ಮೊದಲೇ ಬೋರ್ಡ್ ಇರಬೇಕು. ಇದು ನಮ್ಮಂಥವರಿಗೇ ಗೊತ್ತಾಗುವಾಗ ಅದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವರಿಗೆ ಗೊತ್ತಿಲ್ಲವಾ?

ಹಂಪ್ ಇದ್ದರೆ ಆಂಬುಲೆನ್ಸಿಗೆ ತೊಂದರೆ, ಬೈಕಿನವರ ಸೊಂಟ ಮುರಿಯುತ್ತದೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಊರಿನ ಹುಡುಗರು ಸಿಟ್ಟಿಗೆ ರಾತ್ರೋರಾತ್ರಿ ಸಿಮೆಂಟ್ ಕಲಸಿ ಕಟ್ಟುವ ಚೂಪು ದಿಬ್ಬಗಳಿಗೆ ಬಣ್ಣ ಇಲ್ಲ, ಬೋರ್ಡ್ ಇಲ್ಲ. ಅವು ಬೈಕಿನ ಹಿಂದೆ ಕೂತ ಹೆಂಗಸರನ್ನು ಎತ್ತಿ ಬಿಸಾಡುತ್ತವೆ. ಅದಕ್ಕೇ ಅಲ್ವಾ ನಾವು ಅಳತೆ ಪ್ರಕಾರ ಹಾಕಿ ಎಂದು ಅಂಗಲಾಚುತ್ತಿರುವುದು? ಹಂಪ್ ಒಂದೇ ದಾರಿಯೂ ಅಲ್ಲ. ಊರು ಶುರುವಾಗುವಲ್ಲಿ ರಸ್ತೆಯನ್ನು ಸ್ವಲ್ಪ ಸಪೂರ ಮಾಡಿ. ತಿರುವಿಗೆ ಮೊದಲು ದಪ್ಪ ಬಣ್ಣದ ಗೆರೆ ಎಳೆದು ಚಕ್ರ ಗಡಗಡ ಎನ್ನುವ ಹಾಗೆ ಮಾಡಿ. ಅಂಗನವಾಡಿ ಎದುರು ಜೀಬ್ರಾ ಪಟ್ಟಿಯನ್ನೇ ಅಗಲ ಕಟ್ಟೆಯ ಹಾಗೆ ಎತ್ತರಿಸಿ, ಮಕ್ಕಳು ದಾಟುವ ಜಾಗ ದೂರದಿಂದಲೇ ಕಾಣಲಿ. ಕಾಲು ತಾನಾಗಿ ಬ್ರೇಕಿಗೆ ಹೋಗುವ ಹಾಗೆ ರಸ್ತೆಯನ್ನೇ ಕಟ್ಟಬೇಕು. ಬೋರ್ಡ್ ಓದಿ ನಿಧಾನ ಮಾಡುವ ಡ್ರೈವರುಗಳನ್ನು ನಂಬಿ ಸಣ್ಣ ಮಕ್ಕಳನ್ನು ರಸ್ತೆಗೆ ಬಿಡುವುದು ಹೇಗೆ?

ಲೆಕ್ಕ ಹಾಕಿ ನೋಡಿ. ಅರವತ್ತರ ವೇಗದ ಕಾರು ಒಂದು ಸೆಕೆಂಡಿಗೆ 16 ಮೀಟರಿಗೂ ಜಾಸ್ತಿ ಓಡುತ್ತದೆ. ಮಗು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ಕಾರು ಓಡುವ ದೂರ ನಾಲ್ಕು ಪಟ್ಟು. ಮೂವತ್ತರಲ್ಲಿದ್ದರೆ ಸುಮಾರು 13 ಮೀಟರಿನಲ್ಲಿ ನಿಲ್ಲುವ ಕಾರು ಅರವತ್ತರಲ್ಲಿ 35 ಮೀಟರ್ ದಾಟಿದರೂ ನಿಂತಿರುವುದಿಲ್ಲ. ಅದೂ ಒಣ ರಸ್ತೆಯಲ್ಲಿ. ಭಜನಾ ಮಂದಿರದ ತಿರುವಿನಲ್ಲಿ ಕಾಂಪೌಂಡ್ ಅಡ್ಡ ಬಂದು ಅಷ್ಟು ದೂರ ಕಾಣುವುದೇ ಇಲ್ಲ. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ, ನಡೆಯುವವರೂ ವಾಹನಗಳೂ ಬೆರೆಯುವ ಕಡೆ 30 ಕಿಲೋಮೀಟರ್ ಮಿತಿ ಇರಲಿ ಎಂದಿತು. ನಮ್ಮ ಒಂದೂವರೆ ಕಿಲೋಮೀಟರನ್ನು ಅರವತ್ತರ ಬದಲು ಮೂವತ್ತರಲ್ಲಿ ಹೋದರೆ ಜಾಸ್ತಿ ಹಿಡಿಯುವುದು ಒಂದೂವರೆ ನಿಮಿಷ. ಬೆಂಗಳೂರಿನಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಸಮುದ್ರ ನೋಡಲು ಬಂದವರಿಗೆ ಆ ಒಂದೂವರೆ ನಿಮಿಷ ಅಷ್ಟು ದುಬಾರಿಯಾ? ಸಮುದ್ರ ಎಲ್ಲಿಗೂ ಓಡಿ ಹೋಗುವುದಿಲ್ಲ.

ಹೊರಗಿನವರನ್ನೇ ಬೈಯುತ್ತೇನೆ ಅಂದುಕೊಳ್ಳಬೇಡಿ. ಮೀನಿನ ಟೆಂಪೋಗಳು ನಮ್ಮವರದ್ದೇ. ಐಸ್ ಕರಗಿ, ಮೀನಿನ ನೀರು ದಾರಿಯುದ್ದಕ್ಕೂ ಸುರಿಯುತ್ತದೆ. ಬರಿ ನೀರಲ್ಲ ಅದು, ಜಿಡ್ಡು ನೀರು. ತಿರುವಿನಲ್ಲಿ ಟೆಂಪೋ ವಾಲಿದಾಗ ಒಂದೇ ಸಲ ಚೆಲ್ಲುತ್ತದೆ. ಹಿಂದೆ ಬರುವ ಸ್ಕೂಟರಿನವನಿಗೆ ಅದು ಕಾಣುವುದೂ ಇಲ್ಲ, ಕಂಡರೂ ಬ್ರೇಕ್ ಒತ್ತಿದ ಕೂಡಲೇ ಚಕ್ರ ಜಾರುತ್ತದೆ. ಕರಾವಳಿಯಲ್ಲಿ ಬೈಕ್ ಓಡಿಸುವ ಯಾರನ್ನು ಬೇಕಾದರೂ ಕೇಳಿ, ಮೊಣಕೈ ತೋರಿಸುತ್ತಾರೆ. ಗಾಡಿಯ ಅಡಿಗೆ ನೀರು ಹಿಡಿಯುವ ಟ್ಯಾಂಕ್ ಕಟ್ಟಿಸಿ, ಖಾಲಿ ಮಾಡಬೇಕಾದಲ್ಲಿ ಖಾಲಿ ಮಾಡಿ ಎಂದರೆ ಡೀಸೆಲ್ ಖರ್ಚು, ಬಾಡಿಗೆ, ಹೊತ್ತಿಗೆ ಮುಟ್ಟಬೇಕು ಎಂದು ಹತ್ತು ನೆಪ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇದ್ದಾಗ ಮಾತ್ರ ಆ ನೀರಿನ ಕಾಟ ಕಮ್ಮಿ. ಆಗ ಮಳೆಗಾಲದ ಕಡಲಿನ ವಿಡಿಯೋ ಮಾಡುವವರ ಸರದಿ. ಅಲೆ ನೋಡುತ್ತಾ, ಒಂದು ಕೈಯಲ್ಲಿ ಫೋನ್ ಹಿಡಿದು ಕಾರು ಓಡಿಸುತ್ತಾರೆ. ಮರವಂತೆಯಲ್ಲಂತೂ ಹೆದ್ದಾರಿಯೇ ಕಡಲು ಮತ್ತು ಸೌಪರ್ಣಿಕಾ ಹೊಳೆಯ ನಡುವೆ ಹೋಗುತ್ತದೆ. ಅಲ್ಲಿ ಫೋಟೋಗೆ ಎಂದು ಗಕ್ಕನೆ ಬ್ರೇಕ್ ಹಾಕುವವರನ್ನು ದಿನಾ ನೋಡುತ್ತೇವೆ.

ಊರಿನ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಒಂಬತ್ತನೇ ಕ್ಲಾಸಿನ ಮಾಣಿಗೆ ಬೈಕಿನ ಕೀಲಿ ಕೊಟ್ಟು, ಅಂಗಡಿಗೆ ಹೋಗಿ ಬಾ ಎಂದು ಕಳಿಸುವುದನ್ನು ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಸಣ್ಣ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದಕ್ಕಿಂತ ಮೊದಲು, ಅವನು ಯಾರ ಮನೆಯ ಮಗುವಿಗೆ ಗುದ್ದಬಹುದು ಎಂದು ಯೋಚಿಸಿ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಕಲಂ ಇದೆ, 198ಎ. ರಸ್ತೆಯ ವಿನ್ಯಾಸ, ಕಟ್ಟೋಣ, ನಿರ್ವಹಣೆಯಲ್ಲಿ ನಿಗದಿಯಾದ ಸುರಕ್ಷತೆಯ ಮಾನದಂಡ ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಜವಾಬ್ದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಗುತ್ತಿಗೆದಾರರಿಗೂ ಅನ್ವಯ. ಆದರೆ ಅದರ ಭಾಷೆ ನೋಡಿ. ಸಾವು ಆದರೆ, ಅಂಗ ಹೋದರೆ. ಅಂದರೆ ಮೊದಲು ನಮ್ಮ ಮನೆಯ ಯಾರಾದರೂ ಬೀಳಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಹತ್ತಕ್ಕೆ ಏಳು ಸಾವಿಗೆ ಅತಿವೇಗ ಕಾರಣ ಎಂದು ಕೇಂದ್ರ ಸಚಿವಾಲಯದ ವರದಿಯೇ ಹೇಳುತ್ತದೆ. ಇನ್ನೂ ಯಾವ ಪುರಾವೆ ಬೇಕು ಇವರಿಗೆ? 'ಆ ಜಾಗದಲ್ಲಿ ಇಲ್ಲಿಯವರೆಗೆ ಜೀವಹಾನಿ ಆಗಿಲ್ಲವಲ್ಲ' ಎಂದು ಒಬ್ಬರು ಫೈಲ್ ಮುಚ್ಚುತ್ತಾ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆಗಿಲ್ಲ, ನಿಜ. ಅಕ್ಕನ ಕೈ ಮುರಿದದ್ದು, ಅಂಗನವಾಡಿ ಸಹಾಯಕಿ ದಿನಾ ಎರಡು ಹೊತ್ತು ರಸ್ತೆ ನಡುವೆ ಕೈ ಅಡ್ಡ ಹಿಡಿದು ಮಕ್ಕಳನ್ನು ದಾಟಿಸುವುದು, ವಯಸ್ಸಾದವರು ಸಂಜೆಯ ಭಜನೆಗೆ ಬರುವುದನ್ನೇ ಬಿಟ್ಟದ್ದು, ಇದ್ಯಾವುದೂ ಅವರ ಲೆಕ್ಕಕ್ಕೆ ಬರುವುದಿಲ್ಲ.

ನಮಗೆ ಬೇಕಿರುವುದು ಕೋಟಿಗಟ್ಟಲೆಯ ಯೋಜನೆ ಅಲ್ಲ. ಅಳತೆ ಪ್ರಕಾರ ಎರಡು ಹಂಪ್, ಅಂಗನವಾಡಿ ಎದುರು ಎತ್ತರದ ದಾಟುಪಟ್ಟಿ, ತುಕ್ಕು ಹಿಡಿಯದ ಕಂಬದ ಮೇಲೆ 30ರ ಬೋರ್ಡ್, ರಸ್ತೆ ಬದಿಯ ತಗ್ಗಿಗೆ ಮಣ್ಣು. ಮುಂದಿನ ಗ್ರಾಮಸಭೆಗೆ ಇಷ್ಟನ್ನೇ ಬರೆದುಕೊಂಡು ಹೋಗುತ್ತಿದ್ದೇವೆ. ಮೀನಿನ ಅಕ್ಕಂದಿರು ಬರುತ್ತಾರೆ, ಮಕ್ಕಳ ತಾಯಂದಿರು ಬರುತ್ತಾರೆ. 'ನೋಡೋಣ, ಮಾಡೋಣ' ಎಂಬ ಉತ್ತರ ಸಾಕಾಗಿದೆ. ಯಾವ ಕಚೇರಿ, ಯಾವ ತಾರೀಕಿನೊಳಗೆ, ಯಾವ ದುಡ್ಡಿನಲ್ಲಿ ಮಾಡುತ್ತದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಕೈಗೆ ಸಿಗುವವರೆಗೆ ನಾವು ಅಲ್ಲಿಂದ ಏಳುವುದಿಲ್ಲ.