ಎದೆಯ ಸ್ಕ್ಯಾನ್ ಆಯಿತು, ತಲೆಯದು?

ಬೆಳಿಗ್ಗೆ ಸರಿಯಾಗಿಯೇ ಇದ್ದ ಕಣ್ಣಿನ ರೆಪ್ಪೆ ಸಂಜೆಯ ಹೊತ್ತಿಗೆ ಜೋತುಬೀಳುತ್ತದೆ, ಓದುತ್ತಾ ಕುಳಿತರೆ ಒಂದು ಸಾಲು ಎರಡಾಗಿ ಕಾಣತೊಡಗುತ್ತದೆ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೆ ಎಲ್ಲವೂ ಸರಿಹೋಗುತ್ತದೆ. ಇಷ್ಟು ಕೇಳಿದ ವೈದ್ಯರಿಗೆ ಮೊದಲು ಹೊಳೆಯುವ ಹೆಸರು ಮಯಸ್ತೇನಿಯಾ ಗ್ರಾವಿಸ್. ಅದು ತಪ್ಪಲ್ಲ, ನರದ ಸಂದೇಶವನ್ನು ಬರಮಾಡಿಕೊಳ್ಳುವ ಸ್ನಾಯುವಿನ ಗ್ರಾಹಕಗಳ ಮೇಲೆ ದೇಹದ್ದೇ ಪ್ರತಿಕಾಯಗಳು ಎರಗುವ ಈ ಕಾಯಿಲೆ ಬಹಳಷ್ಟು ಜನರಲ್ಲಿ ಕಣ್ಣಿನಿಂದಲೇ ಶುರುವಾಗುತ್ತದೆ. ಆ ಹೆಸರು ಚೀಟಿಯ ಮೇಲೆ ಬಿದ್ದ ಕೂಡಲೇ ಹುಡುಕಾಟ ನಿಂತುಹೋಗುತ್ತದಲ್ಲ, ನನ್ನ ತಕರಾರು ಅದರ ಬಗ್ಗೆ.

ಕಣ್ಣುಗುಡ್ಡೆಯನ್ನು ಆಡಿಸುವ ಮೂರು, ನಾಲ್ಕು ಮತ್ತು ಆರನೆಯ ಕಪಾಲ ನರಗಳು ಮಿದುಳುಕಾಂಡದಿಂದ ಹೊರಟು, ಪಿಟ್ಯುಟರಿ ಗ್ರಂಥಿಯ ಪಕ್ಕದ ಕ್ಯಾವರ್ನಸ್ ಸೈನಸ್ ಎಂಬ ಇಕ್ಕಟ್ಟಾದ ಜಾಗದಲ್ಲಿ ಹಾದು ಕಣ್ಣನ್ನು ಸೇರುತ್ತವೆ. ಈ ದಾರಿಯಲ್ಲಿ ಮೆನಿಂಜಿಯೋಮಾದಂಥ ನಿಧಾನವಾಗಿ ಬೆಳೆಯುವ ಗಡ್ಡೆ ಒತ್ತಿದರೂ ರೆಪ್ಪೆ ಇಳಿಯುತ್ತದೆ, ನೋಟ ಎರಡಾಗುತ್ತದೆ. ಗಡ್ಡೆಯಾಗಿದ್ದರೆ ತೊಂದರೆ ದಿನವಿಡೀ ಒಂದೇ ಸಮನಾಗಿರಬೇಕು ಎಂಬ ಲೆಕ್ಕಾಚಾರವನ್ನು ನೆಚ್ಚಿಕೊಳ್ಳುವಂತಿಲ್ಲ. ಮಿದುಳಿನ ಗಡ್ಡೆಯಿದ್ದೂ ರೆಪ್ಪೆ ದಣಿದು ಇಳಿದ, ವಿಶ್ರಾಂತಿಯಿಂದ ಚೇತರಿಸಿಕೊಂಡ ಪ್ರಕರಣಗಳು ದಾಖಲಾಗಿವೆ. ಮಯಸ್ತೇನಿಯಾದ ಗುರುತೆಂದು ನಂಬಿದ್ದ ಎಡ್ರೋಫೋನಿಯಂ (ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಸ್ವಲ್ಪ ಹೊತ್ತು ಬಲಪಡಿಸುವ ಔಷಧಿ) ಚುಚ್ಚುಮದ್ದಿಗೆ ಅಂಥ ಕೆಲವರ ರೆಪ್ಪೆ ಮೇಲೆದ್ದದ್ದೂ ಉಂಟು. ಮಯಸ್ತೇನಿಯಾಕ್ಕೆಂದು ಕೊಡುವ ಸ್ಟೀರಾಯ್ಡ್‌ನಿಂದ ಕೆಲವು ಗಡ್ಡೆಗಳ ಸುತ್ತಲಿನ ಊತ ಇಳಿದು, ರೋಗಿಗೆ ಹಾಯೆನಿಸುವುದರಿಂದ ಔಷಧಿ ಹಿಡಿಯಿತೆಂಬ ಸಮಾಧಾನವೂ ಕಾರಣವನ್ನು ಹೇಳುವುದಿಲ್ಲ.

ಟಾರ್ಚ್ ಹಿಡಿದು ಪಾಪೆಯನ್ನು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಮಯಸ್ತೇನಿಯಾ ಪಾಪೆಯನ್ನು ಮುಟ್ಟುವುದಿಲ್ಲ. ರೆಪ್ಪೆ ಇಳಿದ ಕಣ್ಣಿನ ಪಾಪೆ ಹಿಗ್ಗಿದ್ದು ಬೆಳಕಿಗೆ ಕುಗ್ಗದಿದ್ದರೆ ರೆಪ್ಪೆಯನ್ನು ಎತ್ತುವ, ಪಾಪೆಯನ್ನು ಕುಗ್ಗಿಸುವ ಮೂರನೆಯ ನರದ ಕಡೆಗೇ ನೋಡಬೇಕು, ಅದೂ ತುರ್ತಾಗಿ. (ಪಾಪೆ ಸರಿಯಿದ್ದ ಮಾತ್ರಕ್ಕೆ ಗಡ್ಡೆಯಿಲ್ಲ ಎನ್ನುವಂತಿಲ್ಲ, ಕ್ಯಾವರ್ನಸ್ ಸೈನಸ್‌ನ ಗಡ್ಡೆಗಳು ಎಷ್ಟೋ ಸಲ ಅದನ್ನು ಹಾಗೆಯೇ ಬಿಟ್ಟಿರುತ್ತವೆ.) ಮುಖದ ಒಂದು ಬದಿ ಜೋಮು ಹಿಡಿದಂತಾಗುವುದು, ಕಣ್ಣು ಮುಂದಕ್ಕೆ ಉಬ್ಬುವುದು, ದೃಷ್ಟಿಯೇ ಮಂಕಾಗುವುದು ಕೂಡ ಸ್ನಾಯುವಿನ ಕಾಯಿಲೆಗೆ ಹೊಂದುವ ಲಕ್ಷಣಗಳಲ್ಲ.

ಪ್ರತಿಯೊಬ್ಬರಿಗೂ ಎಂಆರ್‌ಐ ಬೇಕೆಂದು ನಾನು ವಾದಿಸುತ್ತಿಲ್ಲ. ಪ್ರತಿಕಾಯ ಪತ್ತೆಯಾಗಿ, ನುಂಗುವುದಕ್ಕೂ ಕೈ ಎತ್ತುವುದಕ್ಕೂ ತ್ರಾಸವಿರುವವರ ವಿಷಯದಲ್ಲಿ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ. ಆದರೆ ಕಾಯಿಲೆ ಕಣ್ಣಿಗಷ್ಟೇ ಸೀಮಿತವಾದವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಆ ಪ್ರತಿಕಾಯ ಸಿಗುವುದಿಲ್ಲ. ಗಡ್ಡೆಯೊಂದು ಬೇರೆ ಹೆಸರಿನಡಿ ವರ್ಷಗಟ್ಟಲೆ ಅಡಗಿ ಕೂರುವುದು ಈ ಗುಂಪಿನಲ್ಲೇ. ಮಯಸ್ತೇನಿಯಾ ಇರುವವರಲ್ಲಿ ಕೆಲವೊಮ್ಮೆ ಕಾಣುವ, ಎದೆಯೊಳಗಿನ ಥೈಮಸ್ ಗ್ರಂಥಿಯ ಗಡ್ಡೆ ಇದೆಯೇ ಎಂದು ತಿಳಿಯಲು ಇವರ ಎದೆಯ ಸಿಟಿ ಸ್ಕ್ಯಾನ್ ಮಾಡಿಸಲು ಯಾರೂ ಮರೆಯುವುದಿಲ್ಲ. ಕಾಂಟ್ರಾಸ್ಟ್ (ಗಡ್ಡೆ ಚಿತ್ರದಲ್ಲಿ ಎದ್ದುಕಾಣುವಂತೆ ಮಾಡುವ ಔಷಧಿ) ಕೊಟ್ಟು ತಲೆಯ ಎಂಆರ್‌ಐ ಮಾಡಿಸಲು ಮಾತ್ರ ಇನ್ನೊಂದು ಲಕ್ಷಣ ಕಾಣಿಸಿಕೊಳ್ಳಲಿ ಎಂದು ಕಾಯುವುದೇಕೆ?