ನದಿ ದಾಟುವುದನ್ನು ನೋಡಲು ಬಲೂನ್ ಸಾಲದು

ಬಿಸಿಗಾಳಿ ಬಲೂನಿನಲ್ಲಿ ಸಫಾರಿ ಹೋಗುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ವಿಲ್ಡ್‌ಬೀಸ್ಟ್ (ಹುಲ್ಲೆ ಜಾತಿಯ ದೊಡ್ಡ ಪ್ರಾಣಿ) ಹಿಂಡು ನದಿ ದಾಟುವುದನ್ನು ನೋಡಲು ಬಲೂನೇ ಬೆಸ್ಟ್ ಎಂದು ಬರೆದಿದ್ದೀರಲ್ಲ, ಅದು ಒಪ್ಪಿಗೆಯಾಗಲಿಲ್ಲ. ಬಲೂನ್ ಏರುವುದು ಸೂರ್ಯ ಹುಟ್ಟುವ ಹೊತ್ತಿಗೆ, ಗಾಳಿ ಇನ್ನೂ ತಣ್ಣಗಿರುವಾಗ. ಸುಮಾರು ಒಂದು ಗಂಟೆಯಲ್ಲಿ ಇಳಿದಾಗಿರುತ್ತದೆ. ಹಿಂಡಿಗೆ ಟೈಮ್‌ಟೇಬಲ್ ಇರುತ್ತದಾ? ದಡದಲ್ಲಿ ಗಂಟೆಗಟ್ಟಲೆ ನಿಂತು, ಮನಸ್ಸು ಬದಲಿಸಿ ಸುಮ್ನೆ ವಾಪಸ್ ಹೋಗುವುದೂ ಉಂಟು. ಅದಕ್ಕೆ ಜೀಪಿನಲ್ಲೇ ಕಾಯಬೇಕು. ಪೈಲಟ್ ಕೈಯಲ್ಲಿರುವುದು ಮೇಲೆ, ಕೆಳಗೆ ಅಷ್ಟೇ. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸುತ್ತದೆ, ಅದನ್ನು ನಂಬಿಕೊಂಡು ಸ್ವಲ್ಪ ಅತ್ತ ಇತ್ತ ಹೋಗಬಹುದು. ‘ಅಲ್ಲಿ ಸಿಂಹ ಇದೆ, ತಿರುಗಿಸಿ’ ಎಂದರೆ ಆಗುವುದಿಲ್ಲ.

ಹಾಗಂತ ಬೇಡ ಎನ್ನುತ್ತಿಲ್ಲ. ಜುಲೈನಿಂದ ಅಕ್ಟೋಬರ್‌ವರೆಗೆ ಬಯಲಿನಲ್ಲಿ ಸಾಲುಸಾಲಾಗಿ ಸಾಗುವ ಹಿಂಡುಗಳನ್ನು, ಅವು ತುಳಿದು ಮಾಡಿದ ದಾರಿಗಳನ್ನು ಮೇಲಿಂದಲೇ ನೋಡಬೇಕು. ಜೀಪಿನಿಂದ ಆ ವಿಸ್ತಾರ ಗೊತ್ತೇ ಆಗುವುದಿಲ್ಲ. ಒಬ್ಬರಿಗೆ 400 ಡಾಲರ್‌ಗೂ ಜಾಸ್ತಿ ಆಗುತ್ತದೆ, ಅದು ಬೇರೆ ಮಾತು.

ಇಳಿಯುವ ವಿಷಯವನ್ನೂ ಬರೆಯಬೇಕಿತ್ತು. ಗಾಳಿ ಇದ್ದರೆ ನಾವು ನಿಂತಿರುವ ಬುಟ್ಟಿ ನೆಲಕ್ಕೆ ಬಡಿದು ಪಕ್ಕಕ್ಕೆ ಉರುಳಬಹುದು. ಗರ್ಭಿಣಿಯರನ್ನು ಹತ್ತಿಸುವುದಿಲ್ಲ. ಬೆನ್ನುನೋವು ಇರುವವರು ಬುಕ್ ಮಾಡುವ ಮೊದಲೇ ಕೇಳಿಕೊಳ್ಳಲಿ. ಬೆಳಗಿನ ಚಳಿಗೆ ಸ್ವೆಟರ್ ಬೇಕೇ ಬೇಕು.