ಪೂರ್ತಿ ಲೋಟ ಕುಡಿದು ಆಮೇಲೆ ಮಾತಾಡಿ

ನಿನ್ನೆ ರಾತ್ರಿ ಕಾಲೇಜು ಗೆಳೆಯರ ವಾಟ್ಸ್‌ಆಪ್ ಗ್ರೂಪಿಗೆ ಯಾರೋ ಒಂದು ವಿಡಿಯೊ ಹಾಕಿದರು. ನಮ್ಮ ಕಡೆಯ ಹುಡುಗರು ಮಾಸ್ಕೋಗೆ ಪ್ರವಾಸ ಹೋಗಿದ್ದಾರೆ. ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಬಾಟಲಿ ತಂದು, ಬಿಸಿಲಲ್ಲಿ ನಿಂತು, 'ಇದೇ ನೋಡಿ ರಷ್ಯಾದ ಕ್ವಾಸ್' (ರೈ ಅನ್ನುವ ಧಾನ್ಯದ ಬ್ರೆಡ್ ನೆನೆಸಿ, ಹುಳಿ ಬರಿಸಿ ಮಾಡುವ ಪಾನೀಯ) ಅಂತ ತೋರಿಸಿ, ಒಬ್ಬೊಬ್ಬರೂ ಒಂದೊಂದು ಗುಟುಕು ಕುಡಿದು ಮುಖ ಹಿಂಡುತ್ತಾರೆ. ಒಬ್ಬ ಫುಟ್‌ಪಾತ್ ಮೇಲೇ ಉಗಿಯುತ್ತಾನೆ. 'ಕೊಳೆತ ಬ್ರೆಡ್ ನೀರು ಮಗಾ' ಅನ್ನುತ್ತಾನೆ ಇನ್ನೊಬ್ಬ. ಹತ್ತಕ್ಕೆ ಎರಡು ಮಾರ್ಕು. ಉಳಿದದ್ದು ಕಸದ ಡಬ್ಬಿಗೆ. ಗ್ರೂಪಿನಲ್ಲಿ ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಮಲಗುವವರೆಗೂ ಸಿಟ್ಟು ಇಳಿಯಲಿಲ್ಲ. ಗ್ರೂಪಿನಲ್ಲಿ ಜಗಳ ಬೇಡ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಬಾಟಲಿಯ ವಿಷಯ. ವಿಡಿಯೊ ನಿಲ್ಲಿಸಿ ಲೇಬಲ್ ಓದಿದೆ. ಅದು ಕ್ವಾಸ್ ಅಲ್ಲವೇ ಅಲ್ಲ. 'ಕ್ವಸ್ನೋಯ್ ನಪೀತಕ್' ಅಂತ ಬರೆದಿದೆ, ಅಂದರೆ ಕ್ವಾಸ್ ರುಚಿ ಕೊಟ್ಟ ಪಾನೀಯ. ರಷ್ಯಾದ ಗುಣಮಟ್ಟದ ನಿಯಮ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. ಹುಳಿ ಬರಿಸಿ ಮಾಡಿದ್ದನ್ನು ಮಾತ್ರ ಕ್ವಾಸ್ ಅಂತ ಮಾರಬಹುದು. ಆ ಹುಡುಗರು ಕುಡಿದದ್ದು ಸಿಹಿ, ಬಣ್ಣ, ಗ್ಯಾಸ್ ಸೇರಿಸಿದ ಒಂದು ಸೋಡಾ. ಅದನ್ನೂ ತಣ್ಣಗೆ ಮಾಡದೆ ಕುಡಿದರು. ಅದರಲ್ಲೂ ಒಂದೇ ಗುಟುಕು.

ಕ್ವಾಸ್ ಅಂದರೆ ಏನು ಅಂತ ನಾನು ಕಲಿತದ್ದು ಮಾಸ್ಕೋದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನ ಅಮ್ಮನಿಂದ. ಊರಾಚೆ ಅವರದೊಂದು ದಾಚಾ ಇತ್ತು. ಒಂದು ಮರದ ಮನೆ, ಸುತ್ತ ತರಕಾರಿ ಪಾತಿ. ಅವರು ಉಳಿದ ಕಪ್ಪು ರೈ ಬ್ರೆಡ್ಡನ್ನು ಹೋಳು ಮಾಡಿ ಓವನ್‌ನಲ್ಲಿ ಒಣಗಿಸುತ್ತಿದ್ದರು. ಚೆನ್ನಾಗಿ ಕೆಂಪಗಾಗಬೇಕು, ಆದರೆ ಸೀದು ಹೋಗಬಾರದು. ಸೀದರೆ ಕಹಿ. ಅದರ ಮೇಲೆ ಬಿಸಿ ನೀರು ಹೊಯ್ದು ಕೆಲವು ಗಂಟೆ ಬಿಟ್ಟರೆ ನೀರಿಗೆ ಕಡು ಟೀ ಬಣ್ಣ ಬರುತ್ತದೆ. ಸೋಸಿ, ಉಗುರುಬೆಚ್ಚಗಾದ ಮೇಲೆ ಸಕ್ಕರೆ ಮತ್ತು ಚಿಟಿಕೆ ಯೀಸ್ಟ್. ಮೂರು ಲೀಟರಿನ ಗಾಜಿನ ಜಾಡಿ, ಅದರ ಬಾಯಿಗೆ ತೆಳು ಬಟ್ಟೆ. ಮಾರನೇ ದಿನ ಬಾಟಲಿಗೆ ಇಳಿಸುವಾಗ ಪ್ರತಿ ಬಾಟಲಿಗೂ ನಾಲ್ಕೈದು ಒಣದ್ರಾಕ್ಷಿ ಹಾಕುತ್ತಿದ್ದರು. ತಳದಲ್ಲಿದ್ದ ದ್ರಾಕ್ಷಿ ಮೇಲೆ ತೇಲಿತೋ, ಒಳಗೆ ಗ್ಯಾಸ್ ಹುಟ್ಟಿದೆ ಅಂತ ಅರ್ಥ. ಆಗ ಫ್ರಿಜ್ಜಿಗೆ.

ಬ್ರೆಡ್ ಬದಲು ರೈ ಹಿಟ್ಟು ಮತ್ತು ಮಾಲ್ಟ್ ಹಾಕಿ ಮಾಡುವವರೂ ಇದ್ದಾರೆ. ಧಾನ್ಯವನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಮೊಳಕೆಯ ಕಿಣ್ವಗಳು ಹಿಟ್ಟಿನ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಕ್ಕರೆ ತಿಂದು ಯೀಸ್ಟ್ ಗ್ಯಾಸ್ ಬಿಡುತ್ತದೆ, ಬ್ಯಾಕ್ಟೀರಿಯಾ ಹುಳಿ ಕೊಡುತ್ತದೆ. ಚಳಿಗೆ, ಬಡ ಮಣ್ಣಿಗೆ ಗೋಧಿ ಏಳದ ಕಡೆ ರೈ ಏಳುತ್ತದೆ. ಆ ನಾಡಿನ ಜನ ಅದನ್ನೇ ಬ್ರೆಡ್ ಮಾಡಿ ತಿಂದರು, ಉಳಿದ ಬ್ರೆಡ್ಡನ್ನು ಕುಡಿಯುವ ಪಾನೀಯ ಮಾಡಿದರು.

ಈಗ ರುಚಿ. ತಣ್ಣಗಿನ ಲೋಟ ಹಿಡಿದರೆ ಮೊದಲು ಮೂಗಿಗೆ ಬರುವುದು ಬ್ರೆಡ್ಡಿನ ಕಂದು ಅಂಚಿನ ವಾಸನೆ. ಮೊದಲ ಗುಟುಕಿಗೆ ಬರೀ ಹುಳಿ. ನಾಲಿಗೆ ಹಿಂಜರಿಯುತ್ತದೆ, ನಿಜ. ಎರಡನೆಯದಕ್ಕೆ ಹುಳಿಯ ಹಿಂದೆ ಸಣ್ಣ ಸಿಹಿ ಕಾಣುತ್ತದೆ. ಅರ್ಧ ಲೋಟಕ್ಕೆ ಬರುವಾಗ ಹುಳಿ, ಸಿಹಿ, ಹುರಿದ ಧಾನ್ಯದ ಘಮ ಒಂದಾಗಿ ಗಂಟಲಲ್ಲಿ ಇಳಿಯುತ್ತದೆ. ಬಾಯಾರಿಕೆ ನಿಜವಾಗಿ ಹೋಗುತ್ತದೆ. ಸಿಹಿ ಸೋಡಾ ಕುಡಿದ ಮೇಲೆ ಮತ್ತೆ ನೀರು ಬೇಕು ಅನ್ನಿಸುತ್ತದಲ್ಲ, ಇಲ್ಲಿ ಹಾಗಾಗುವುದಿಲ್ಲ. ಇದೆಲ್ಲ ಒಂದು ಗುಟುಕಿನಲ್ಲಿ ಹೇಗೆ ಸಿಗಬೇಕು ಹೇಳಿ?

'ಕೊಳೆತ' ಅನ್ನುವ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿತು. ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಕ್ವಾಸ್‌ನಲ್ಲಿ ಸಿಕ್ಕಿದೆ. ನಮ್ಮ ಇಡ್ಲಿ ಹಿಟ್ಟು ರಾತ್ರಿ ಉಬ್ಬಿ ಹುಳಿ ಬರುವುದರಲ್ಲೂ ಅದರದೇ ದೊಡ್ಡ ಪಾಲು. ಬೆಳಿಗ್ಗೆ ಇಡ್ಲಿ ತಿಂದು ಬೆಳೆದ ಹುಡುಗರು ಇನ್ನೊಬ್ಬರ ಮನೆಯ ಹುಳಿಯನ್ನು ಕೊಳೆತದ್ದು ಅಂತ ರಸ್ತೆಗೆ ಉಗಿದರೆ ಸಂಕಟ ಆಗುವುದಿಲ್ಲವೇ?

ನನಗೆ ಯಾಕೆ ಇಷ್ಟು ನೋವು ಅಂತ ಹೇಳಿಬಿಡುತ್ತೇನೆ. ನಾನು ಮದ್ಯ ಮುಟ್ಟುವವನಲ್ಲ, ನಿಮಗೆಲ್ಲ ಗೊತ್ತು. ಮಾಸ್ಕೋದ ಮೊದಲ ಚಳಿಗಾಲದಲ್ಲಿ ಪ್ರತಿ ಪಾರ್ಟಿಯಲ್ಲೂ ನಾನು ಮೂಲೆಯಲ್ಲಿ ಜ್ಯೂಸ್ ಹಿಡಿದು ನಿಲ್ಲುತ್ತಿದ್ದೆ. ಭಾಷೆ ಬರುತ್ತಿರಲಿಲ್ಲ, ಗ್ಲಾಸ್ ತಾಗಿಸಲೂ ಸಂಕೋಚ. ಬೇಸಿಗೆಯಲ್ಲಿ ಆ ದಾಚಾಗೆ ಹೋದಾಗ ಆ ಅಮ್ಮ ಏನೂ ಕೇಳದೆ ನನ್ನ ಮುಂದೆ ದೊಡ್ಡ ಮಗ್ ಕ್ವಾಸ್ ಇಟ್ಟರು. ತಮಗೂ ಅದನ್ನೇ ಬಗ್ಗಿಸಿಕೊಂಡರು. ಮೇಜಿನ ಸುತ್ತ ಎಲ್ಲರೂ ಮಗ್ ಎತ್ತಿದಾಗ ನಾನೂ ಎತ್ತಿದೆ. ಆ ದೇಶದಲ್ಲಿ ನಾನು ಹೊರಗಿನವನಲ್ಲ ಅಂತ ಮೊದಲ ಸಲ ಅನ್ನಿಸಿದ್ದು ಆವತ್ತು. ಆ ಮಗ್ಗಿನಲ್ಲಿದ್ದದ್ದನ್ನು ಯಾರಾದರೂ ಉಗಿದರೆ ನಾನು ಸುಮ್ನೆ ಇರಲಾರೆ.

ಅದರಲ್ಲಿ ಆಲ್ಕೋಹಾಲ್ ಇಲ್ಲವಾ ಅಂತ ಕೇಳುತ್ತೀರಿ. ಇದೆ, ತುಂಬ ಕಡಿಮೆ. ರಷ್ಯಾದ ನಿಯಮದ ಪ್ರಕಾರ ಶೇಕಡಾ 1.2 ಮೀರುವಂತಿಲ್ಲ. ಅಲ್ಲಿ ಮಕ್ಕಳೂ ಕುಡಿಯುತ್ತಾರೆ. ಅಷ್ಟೂ ಬೇಡ ಅನ್ನುವವರು ಕುಡಿಯುವುದು ಬೇಡ, ಅದು ಅವರ ನಿಯಮ, ನನ್ನ ತಕರಾರಿಲ್ಲ.

ಗ್ರೂಪಿನಲ್ಲಿ ಒಬ್ಬರು 'ರುಚಿ ಅವರವರ ಇಷ್ಟ, ಬಿಡಪ್ಪಾ' ಅಂದರು. ಸರಿ, ಇಷ್ಟ ಆಗದೆ ಇರಬಹುದು. ಕ್ವಾಸ್ ಇಷ್ಟವಿಲ್ಲದ ರಷ್ಯನ್ನರನ್ನೂ ನೋಡಿದ್ದೇನೆ. ಆದರೆ ರುಚಿ ನೋಡಿದವರಿಗೆ ತಾನೇ ಇಷ್ಟ, ಕಷ್ಟ ಎಲ್ಲ? ಇವರು ನೋಡಲೇ ಇಲ್ಲ. ಮುಖ ಹಿಂಡುವುದು ಮೊದಲೇ ತೀರ್ಮಾನವಾಗಿತ್ತು, ಬಾಟಲಿ ತೆರೆದದ್ದು ಆಮೇಲೆ.

ಇದು ಎಷ್ಟು ಹಳೆಯದು ಗೊತ್ತಾ? ಕೀವ್‌ನ ರಾಜ ವ್ಲಾದಿಮಿರ್ 996ರಲ್ಲಿ ಕೊಟ್ಟ ಔತಣದ ಬಗ್ಗೆ ಅಲ್ಲಿನ ಹಳೆಯ ವೃತ್ತಾಂತದಲ್ಲಿ ಬರೆದಿದೆ. ಕಾಯಿಲೆಯವರು, ಕೈಲಾಗದವರು ಅರಮನೆವರೆಗೆ ಬರಲಾರರು ಅಂತ ಅವನು ಬಂಡಿಗಳಲ್ಲಿ ಬ್ರೆಡ್, ಮಾಂಸ, ಮೀನು ತುಂಬಿಸಿ, ಪೀಪಾಯಿಗಳಲ್ಲಿ ಜೇನಿನ ಪಾನೀಯ ಮತ್ತು ಕ್ವಾಸ್ ತುಂಬಿಸಿ ಊರೊಳಗೆ ಕಳಿಸಿದನಂತೆ. ಸೋವಿಯತ್ ಕಾಲದಲ್ಲೂ ಬೇಸಿಗೆ ಬಂತೆಂದರೆ ಹಳದಿ ಬಣ್ಣದ, ಚಕ್ರದ ಮೇಲಿನ ದೊಡ್ಡ ಪೀಪಾಯಿ ಬೀದಿ ಮೂಲೆಗೆ ಬರುತ್ತಿತ್ತು. ಜನ ಸಾಲು ನಿಂತು ಗಾಜಿನ ಮಗ್ಗಿನಲ್ಲಿ ಅಲ್ಲೇ ಕುಡಿದು, ಮನೆಗೆ ಕ್ಯಾನಿನಲ್ಲಿ ಒಯ್ಯುತ್ತಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿಯಿತು, ವಿದೇಶಿ ಸೋಡಾಗಳು ಒಳಗೆ ನುಗ್ಗಿದವು, ಕ್ವಾಸ್ ಮೂಲೆ ಸೇರಿತು. ಆದರೂ ಜನ ಬಿಡಲಿಲ್ಲ. ಮತ್ತೆ ಬೇಡಿಕೆ ಎಷ್ಟು ಬಂತೆಂದರೆ 2008ರಲ್ಲಿ ಕೋಕಾ-ಕೋಲಾ ಕಂಪನಿಯೇ ರಷ್ಯಾದಲ್ಲಿ ಕ್ವಾಸ್ ಮಾರಲು ಇಳಿಯಿತು. ಸಾವಿರ ವರ್ಷ ಬಾಳಿದ ಪಾನೀಯಕ್ಕೆ ಒಂದು ಗುಟುಕಿನ ಮೇಲೆ ಎರಡು ಮಾರ್ಕು!

ಆ ಕಡೆ ಹೋಗುವವರಿಗೆ ಹೇಳುತ್ತೇನೆ. ಲೇಬಲ್ ಮೇಲೆ 'ನಪೀತಕ್' ಇದ್ದರೆ ಬಿಡಿ. ಪೀಪಾಯಿಯಿಂದ ಬಿಡುವುದು ಸಿಕ್ಕರೆ ಅದೇ ಒಳ್ಳೆಯದು. ಮನೆಯಲ್ಲಿ ಮಾಡಿದ್ದು ಯಾರಾದರೂ ಕೊಟ್ಟರೆ ಇನ್ನೂ ಒಳ್ಳೆಯದು. ಅದು ಮಬ್ಬಾಗಿರುತ್ತದೆ, ತಳದಲ್ಲಿ ಗಸಿ ಇರುತ್ತದೆ, ಹೆದರಬೇಡಿ. ಬೇಸಿಗೆಯಲ್ಲಿ ಅಕ್ರೋಷ್ಕಾ ಕೇಳಿ ತಿನ್ನಿ. ಸೌತೆಕಾಯಿ, ಮೂಲಂಗಿ, ಬೇಯಿಸಿದ ಆಲೂಗಡ್ಡೆ, ಈರುಳ್ಳಿ ಸೊಪ್ಪು, ನಮ್ಮ ಸಬ್ಬಸಿಗೆ ಸೊಪ್ಪು ಎಲ್ಲ ಸಣ್ಣಗೆ ಹೆಚ್ಚಿ, ಮೇಲೆ ಸಿಹಿ ಕಡಿಮೆ ಇರುವ ತಣ್ಣನೆ ಕ್ವಾಸ್ ಹೊಯ್ದು ಕೊಡುತ್ತಾರೆ. ಮೊಟ್ಟೆ, ಮಾಂಸ ಹಾಕುವುದೂ ಉಂಟು, ಸಸ್ಯಾಹಾರಿಗಳು ಮೊದಲೇ ಹೇಳಿ. ಉಪ್ಪು ಬಿದ್ದ ಮೇಲೆ ಆ ಹುಳಿ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ಎರಡನೇ ಬಟ್ಟಲು ನೀವೇ ಕೇಳುತ್ತೀರಿ.

ಬೆಂಗಳೂರಿನಲ್ಲಿ ಇರುವವರಿಗೆ: ಈಗ ದೊಡ್ಡ ಬೇಕರಿಗಳಲ್ಲಿ ರೈ ಬ್ರೆಡ್ ಸಿಗುತ್ತದೆ, ಇವತ್ತು ತಂದಿದ್ದೇನೆ. ನಮ್ಮ ಸೆಕೆಗೆ ಬೇಗ ಹುಳಿ ಬರುತ್ತದೆ, ಅದಕ್ಕೇ ಶುಕ್ರವಾರ ರಾತ್ರಿ ಹಾಕಿ ಶನಿವಾರ ಫ್ರಿಜ್ಜಿಗೆ ಇಡುತ್ತೇನೆ. ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ. ಆ ವಿಡಿಯೊ ನೋಡಿ ನಕ್ಕವರೂ ಬನ್ನಿ. ಒಬ್ಬರಿಗೆ ಒಂದು ಪೂರ್ತಿ ಲೋಟ, ಜೊತೆಗೆ ಉಪ್ಪು ಹಾಕಿದ ಸೌತೆಕಾಯಿ. ಎಷ್ಟು ಜನ ಅಂತ ಶುಕ್ರವಾರ ಸಂಜೆಯೊಳಗೆ ಮೆಸೇಜ್ ಮಾಡಿದರೆ ಅಷ್ಟು ಬ್ರೆಡ್ ಒಣಗಿಸುತ್ತೇನೆ.